ಕಿಟಕಿ ಪಕ್ಕದ ಮೂಲೆ

ಮಾರ್ಚ್ ೧೪, ಭಾನುವಾರ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ತಂಗಿ ಮೊಂಡಿಗೆ,

ಅಣ್ಣನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬಹಳ ಶ್ರಮಪಟ್ಟು ಮೂರು ಕಾರಣಗಳನ್ನು ಸಿದ್ಧಪಡಿಸಿ ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಮೂರೂ ಸುಳ್ಳು ಅಂತ ಅವಳಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತೆ. ಅಂಚೆಯವನ ಮೇಲೆ ಹಾಕಿ ಸುಮ್ನಿರಿ" ಅಂದಳು. ಆದ್ದರಿಂದ ಅಂಚೆಯವನ ಪರವಾಗಿ ಕ್ಷಮೆ ಕೋರುತ್ತಿದ್ದೇನೆ.

ನೀನು ಕೇಳಿದ್ದು ಒಂದೇ ಮಾತು. ಅಂಗಡಿಯ ಬೋರ್ಡಿನ ಮೇಲಿರುವ ‘ತಂದೆ ಮತ್ತು ಮಗ, ಗೋಡೆ ಅಲಂಕಾರ’ ಅಳಿಸಿ ‘ಅಣ್ಣ ಮತ್ತು ತಂಗಿ’ ಅಂತ ಬರೆಸಿದರೆ ಬರುತ್ತೀಯ. ಇಲ್ಲವಾದರೆ ಈ ತಿಂಗಳ ಮೂವತ್ತಕ್ಕೆ ಆ ನಾಟಕ ಕಂಪನಿಯವರಿಗೆ ಪರದೆ ಬರೆಯುವ ಕಾಯಂ ಕೆಲಸಕ್ಕೆ ಸಹಿ ಹಾಕುತ್ತೀಯ. "ಹೂಂ ಅಥವಾ ಊಹೂಂ. ಪುರಾಣ ಬೇಡ" ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ. ಪುರಾಣವಿಲ್ಲದೆ ಬರೆಯುವ ವಿದ್ಯೆ ನನಗೆ ಒಲಿದಿದ್ದರೆ ನಾನು ಈ ಹೊತ್ತಿಗೆ ಯಾವುದೋ ದೊಡ್ಡ ಕಚೇರಿಯಲ್ಲಿ ನೋಟಿಸು ಬರೆದುಕೊಂಡು ಸುಖವಾಗಿರುತ್ತಿದ್ದೆ. ಹಾಗಾಗಿ ಮೊದಲು ಸುದ್ದಿ, ಆಮೇಲೆ ತೀರ್ಪು.

ಒಬ್ಬ ದಂತವೈದ್ಯೆ ಹಳೆಯ ಮನೆಯೊಂದನ್ನು ಕೊಂಡು, ಮುಂದಿನ ಹಾಲನ್ನು ರೋಗಿಗಳು ಕಾಯುವ ಕೋಣೆ ಮಾಡಿಸುತ್ತಿದ್ದಾರೆ. ಎರಡು ಗೋಡೆಗೆ ವಾಲ್‌ಪೇಪರ್, ಒಂದಕ್ಕೆ ಸೊಂಟದೆತ್ತರದ ಮರದ ಹಲಗೆ, ಬಾಗಿಲಿನ ಎದುರಿನ ದೊಡ್ಡ ಗೋಡೆಗೆ ಒಂದು ಕಾಡಿನ ಚಿತ್ರ. ಕಾಡಿಗೆ ಒಂದೇ ಷರತ್ತು: ಪ್ರತಿಯೊಂದು ಪ್ರಾಣಿಯ ಹಲ್ಲೂ ಕಾಣಬೇಕು.

"ಆಮೆಗೆ ಹಲ್ಲಿರಲ್ಲ ಮೇಡಂ" ಅಂದೆ.

"ಹಾಗಾದ್ರೆ ಆಮೆ ಬೇಡ."

"ಗಿಣಿ?"

"ಅದಕ್ಕಿದೆಯಾ?"

ಅಲ್ಲಿಗೆ ಪಕ್ಷಿಸಂಕುಲ ಪೂರ್ತಿ ಕಾಡು ಬಿಟ್ಟಿತು.

ಚಿತ್ರ ನಿನ್ನ ವಿಭಾಗ. ನೀನು ಊರು ಬಿಟ್ಟ ಈ ನಾಲ್ಕು ವರ್ಷದಲ್ಲಿ ಚಿತ್ರ ಬೇಕೆಂದವರಿಗೆಲ್ಲ ವಾಲ್‌ಪೇಪರಿನ ಮಹಿಮೆ ವರ್ಣಿಸಿ ಮನಸ್ಸು ತಿರುಗಿಸಿದ್ದೇನೆ. ಈಕೆ ತಿರುಗಲಿಲ್ಲ. ಕೊನೆಗೆ, ಇದರಲ್ಲೇನು ಮಹಾ ಎಂದು ನಾನೇ ಇದ್ದಲು ಹಿಡಿದು ಒಂದು ಸಿಂಹ ಗೀಚಿದೆ. ನನ್ನ ಆತ್ಮವಿಶ್ವಾಸಕ್ಕೆ ಕೊರತೆ ಇರಲಿಲ್ಲ, ಸಿಂಹದ ಕುತ್ತಿಗೆಗೆ ಇತ್ತು. ನಿನ್ನ ಅತ್ತಿಗೆ ಮಧ್ಯಾಹ್ನದ ಬುತ್ತಿ ತಂದವಳು ಗೋಡೆಯ ಮುಂದೆ ನಿಂತು ಬಹಳ ಗೌರವದಿಂದ ನೋಡಿದಳು.

"ನಿಮ್ಮ ಸೋದರಮಾವನವರನ್ನ ಇಲ್ಲಿ ಯಾಕೆ ಬರೆದಿದ್ದೀರಿ?"

"ಅದು ಸಿಂಹ ಕಣೇ."

"ಅಯ್ಯೋ, ಅವರಿಗೆ ಹೇಳಬೇಡಿ. ಖುಷಿಪಡ್ತಾರೆ."

ಮಾವನ ಮೇಲೆ ಆ ಸಂಜೆಯೇ ಸುಣ್ಣ ಬಳಿದೆ. ಈಗಲೂ ಬಿಸಿಲು ಓರೆಯಾಗಿ ಬಿದ್ದರೆ ಮೀಸೆ ಕಾಣುತ್ತದೆ.

ಇನ್ನು ನಿಜವಾದ ಸುದ್ದಿ. ಹಳೆಯ ವಾಲ್‌ಪೇಪರ್ ಕೆರೆದು ತೆಗೆಯುವಾಗ ಬಾಗಿಲ ಬಳಿಯ ಕೊನೆಯ ಪಟ್ಟಿಯ ಅಡಿಯಲ್ಲಿ ಪೆನ್ಸಿಲ್ಲಿನ ಬರಹ ಸಿಕ್ಕಿತು. ಅಪ್ಪನ ಅಕ್ಷರ! ಮನೆಯ ಮುಂಭಾಗ ಪೂರಾ ಬದಲಾಗಿದ್ದರಿಂದ ನನಗೆ ಗುರುತೇ ಹತ್ತಿರಲಿಲ್ಲ. ಅದು ನಮ್ಮ ಹೆಡ್‌ಮಾಸ್ಟರರ ಮನೆ ಕಣೇ. ಮೂವತ್ತೊಂದು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಕೆಲಸ ಮಾಡಿದ ಮನೆ.

ಅಪ್ಪನ ಪದ್ಧತಿ ನಿನಗೆ ಗೊತ್ತಲ್ಲ. ಕೊನೆಯ ಪಟ್ಟಿ ಅಂಟಿಸುವ ಮುಂಚೆ ಅದು ಮುಚ್ಚಲಿರುವ ಬರೀ ಗೋಡೆಯ ಮೇಲೆ ವಾರ, ಹವೆ, ಯಾರು ಏನು ಕೆಲಸ ಮಾಡಿದರು, ಎಲ್ಲ ಬರೆಯಬೇಕು. "ಮುಚ್ಚಿದ ಮೇಲೆ ಯಾರೂ ಓದಲ್ಲ. ಅದಕ್ಕೇ ಅಲ್ಲಿ ಸುಳ್ಳು ಬರೀಬಾರದು" ಅನ್ನುತ್ತಿದ್ದ. ಮನೆ ಯಜಮಾನರಿಗೆ ಮುಖ ಮುಂದೆ ಹೇಳಲಾಗದ್ದನ್ನೆಲ್ಲ ಅಪ್ಪ ಊರ ಗೋಡೆಗಳಿಗೆ ಹೇಳಿ ಹೋಗಿದ್ದಾನೆ. ಇಲ್ಲಿಯದು ಹೀಗಿದೆ: ‘ಸೋಮವಾರ. ವಿಪರೀತ ಸೆಕೆ. ಅಂಟು ಬೇಗ ಒಣಗಿತು. ಎಡಗಡೆ ಹಲ್ಲುನೋವು. ಮೇಷ್ಟ್ರು ಐದು ನಿಮಿಷಕ್ಕೊಮ್ಮೆ ಬಂದು ಅಂಕ ಕೊಟ್ಟು ಹೋಗುತ್ತಾರೆ.’

ದಂತವೈದ್ಯೆಯನ್ನು ಕರೆದು ತೋರಿಸಿದೆ. ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ಎಡಗಡೆ ಮೇಲಿನದಾ, ಕೆಳಗಿನದಾ? ಬರೆದೇ ಇಲ್ವಲ್ಲ" ಎಂದು ಬೇಸರಪಟ್ಟುಕೊಂಡರು. ಅದರ ಕೆಳಗೆ ಇನ್ನೊಂದೆರಡು ಸಾಲು ಇವೆ. ಪೆನ್ಸಿಲ್ ಮಾಸಿದೆ, ಓದಲಾಗಲಿಲ್ಲ.

ಈಗ ತೀರ್ಪು. ಬೋರ್ಡು ನಾನು ಬರೆಸಿದ್ದಲ್ಲ, ಅಪ್ಪ ಬರೆಸಿದ್ದು. ಅಪ್ಪ ಸುಮ್ಮನೆ ಏನನ್ನೂ ಮಾಡಿದವನಲ್ಲ. ನಮ್ಮಿಬ್ಬರ ಕೈಯನ್ನೂ ಹತ್ತಿರದಿಂದ ನೋಡಿ, ಅಳೆದು ತೂಗಿಯೇ ‘ಮಗ’ ಎಂದು ಬರೆಸಿರಬೇಕು. ನಿನ್ನದು ಕುಂಚ, ಒಪ್ಪಿದೆ. ಆದರೆ ವಾಲ್‌ಪೇಪರಿಗೆ ಬೇಕಾದ ನೆಟ್ಟನೆಯ ಕಣ್ಣು ನನ್ನದು. ಗಿರಾಕಿಗಳೂ ಆ ಹೆಸರಿಗೆ ಒಗ್ಗಿಹೋಗಿದ್ದಾರೆ. ಆದ್ದರಿಂದ ನೀನು ಬಾ, ಕಾಡು ಬರಿ, ನಮ್ಮ ಮನೆಯಲ್ಲೇ ಇರು, ಹಿಂದಿನಂತೆ ನನ್ನ ಮೇಲೆ ರೇಗು. ಬೋರ್ಡು ಮಾತ್ರ ಇದ್ದ ಹಾಗೇ ಇರಲಿ. ಇದಕ್ಕಿಂತ ಉದಾರವಾದ ಏರ್ಪಾಡನ್ನು ಯಾವ ಅಣ್ಣನೂ ಯಾವ ತಂಗಿಗೂ ಮಾಡಿಕೊಟ್ಟಿರಲಾರ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿನ್ನ ಅತ್ತಿಗೆಯ ಅಭಿಪ್ರಾಯವನ್ನು ಸ್ಥಳಾಭಾವದಿಂದ ಇಲ್ಲಿ ಬರೆಯುತ್ತಿಲ್ಲ.

ಆರೋಗ್ಯ ನೋಡಿಕೋ. ಬಣ್ಣದ ಕೈಯಲ್ಲಿ ಊಟ ಮಾಡಬೇಡ. ನಿನ್ನ ಕುಂಚ ತಾಗಿದ ಗೋಡೆಯೆಲ್ಲ ಬೆಳಗಲಿ.

ಇತಿ ನಿನ್ನ,
ಅಣ್ಣ

ತಾಜಾ ಕಲಂ, ಮಂಗಳವಾರ: ಲಕೋಟೆ ಎರಡು ದಿನದಿಂದ ಜೇಬಿನಲ್ಲೇ ಇದೆ. ಅಂಚೆಪೆಟ್ಟಿಗೆಯ ಮುಂದೆ ಮೂರು ಸಲ ಹಾದುಹೋದೆ. ಪೆನ್ಸಿಲ್ ಮಾಸಿಲ್ಲ ಮೊಂಡಿ. ಸುಣ್ಣದ ಗೋಡೆಯ ಮೇಲೆ ಇವತ್ತು ಬೆಳಿಗ್ಗೆ ಬರೆದಷ್ಟು ಸ್ಪಷ್ಟವಾಗಿದೆ. ಆ ವಾಲ್‌ಪೇಪರ್ ಕೆರೆದದ್ದು ಐದು ವಾರದ ಹಿಂದೆ. ನಿನಗೆ ಬರೆಯಲು ತಡವಾದದ್ದಕ್ಕೆ ಅದೊಂದೇ ಕಾರಣ. ಹಲ್ಲುನೋವಿನ ಕೆಳಗೆ ಅಪ್ಪ ಹೀಗೆ ಬರೆದಿದ್ದಾನೆ: ‘ಕಿಟಕಿ ಪಕ್ಕದ ಮೂಲೆ ಮಗಳು ಜೋಡಿಸಿದ್ದು. ನನಗೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಮೇಷ್ಟ್ರು ಹೊಗಳಿದಾಗ ಮಗ ಮಾಡಿದ್ದು ಅಂದುಬಿಟ್ಟೆ. ಅವಳು ಕೇಳಿಸಿಕೊಂಡಳು.’

ಮೂಲೆ ಎಂದರೆ ಏನೆಂದು ನಿನಗೆ ಹೇಳಬೇಕಿಲ್ಲ. ಯಾವ ಮನೆಯ ಮೂಲೆಯೂ ನೆಟ್ಟಗಿರುವುದಿಲ್ಲ; ಅಲ್ಲಿ ಹೂವಿಗೆ ಹೂವು, ಬಳ್ಳಿಗೆ ಬಳ್ಳಿ ಕೂಡಿಸುವುದರಲ್ಲೇ ನಮ್ಮ ಕಸುಬೆಲ್ಲ ಇರುವುದು. ಆಗ ನಿನಗೆ ಹನ್ನೊಂದು, ನನಗೆ ಹದಿಮೂರು. ಮೇಷ್ಟ್ರು ನನ್ನ ಬೆನ್ನು ತಟ್ಟಿ, "ನೀನೇ ಏನೋ ಮಾಡಿದ್ದು?" ಅಂದರು. ನೀನು ಬಕೆಟ್ಟಿನ ಹತ್ತಿರ ಕೂತು ಅಂಟಿನ ಕೈ ತೊಳೆಯುತ್ತಿದ್ದೆ. ತೊಳೆದ ಕೈಯನ್ನೇ ಮತ್ತೆ ತೊಳೆದೆ. ನಾನು "ಹೌದು ಸಾರ್" ಅಂದೆ. ಅಪ್ಪ ತನ್ನ ಮಾತನ್ನು ಬರೆದಿದ್ದಾನೆ, ನನ್ನದನ್ನು ಬರೆದಿಲ್ಲ. ನಾಲ್ಕು ವರ್ಷದ ಹಿಂದೆ ನೀನು ಚೀಲ ಹಿಡಿದು ಹೊರಟಾಗ "ಬೋರ್ಡಿಗೋಸ್ಕರ ಯಾರಾದ್ರೂ ಊರು ಬಿಡ್ತಾರೇನೇ?" ಎಂದು ನಕ್ಕವನೂ ನಾನೇ.

ನಿನ್ನೆ ಅಪ್ಪನ ಸಾಲಿನ ಕೆಳಗೆ ನನ್ನ ‘ಹೌದು ಸಾರ್’ ಅನ್ನೂ ಪೆನ್ಸಿಲ್ಲಿನಲ್ಲಿ ಬರೆದು ಸಹಿ ಹಾಕಿದೆ. ಮೇಲಿನ ತೀರ್ಪನ್ನೆಲ್ಲ ಹೊಡೆದುಹಾಕು. ನೀನು ಕೇಳಿದ ಒಂದು ಮಾತಿಗೆ ಉತ್ತರ: ಹೂಂ. ಬೋರ್ಡಿನಲ್ಲಿ ‘ತಂಗಿ’ಯೇ ಮೊದಲು ಬರಲಿ.

ಗೋಡೆಗೆ ಕಾಗದವೆಲ್ಲ ಅಂಟಿಸಿ ಆಯಿತು, ಕಿಟಕಿ ಪಕ್ಕದ ಆ ಒಂದು ಮೂಲೆ ಬಿಟ್ಟು. ಇವತ್ತು ದಂತವೈದ್ಯೆ ಬಂದು ನೋಡಿ, "ಇದೊಂದು ಮೂಲೆ ಯಾಕೆ ಹಾಗೇ ಬಿಟ್ಟಿದ್ದೀರಿ?" ಅಂದರು.

"ಅದು ನನ್ನ ಕೆಲಸ ಅಲ್ಲ ಮೇಡಂ. ನನ್ನ ತಂಗೀದು" ಅಂದೆ. ಮೂವತ್ತೊಂದು ವರ್ಷ ತಡವಾಯಿತು. ಇದನ್ನು ಮಾತ್ರ ಅಂಚೆಯವನ ಮೇಲೆ ಹಾಕುವಂತಿಲ್ಲ.