ಚಕ್ರವಿಲ್ಲದ ಕೋಣ

ಕೆಡುಂಗ್‌ಲಾಂತುಂಗ್,
ಬೊಜೊನೆಗೊರೊ ಜಿಲ್ಲೆ, ಪೂರ್ವ ಜಾವಾ
19 ಸೆಪ್ಟೆಂಬರ್ 2023, ಮಂಗಳವಾರ

ಪ್ರೀತಿಯ ತಮ್ಮ ಪರ್ಲಾನ್,

ಹೇಗಿದ್ದೀಯ? ಈದ್ ದಿನ ಫೋನ್ ಮಾಡಿದಾಗ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಅದು ಕಲ್ಲಿದ್ದಲ ಧೂಳಿನ ಕೆಮ್ಮೋ ಸಿಗರೇಟಿನದ್ದೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದನ್ನು ಬಿಡಬಹುದು ಎಂದು ನಿನಗೇ ಗೊತ್ತಿದೆ. ಗಣಿಯ ಡಾಕ್ಟರಿಗೆ ತೋರಿಸಿಕೊಂಡೆಯಾ? ಇಲ್ಲಿ ಅಮ್ಮನ ಮಂಡಿನೋವು ಇದ್ದ ಹಾಗೆಯೇ ಇದೆ, ಏರಿಲ್ಲ, ಇಳಿದಿಲ್ಲ. ನಾನು ಚೆನ್ನಾಗಿದ್ದೇನೆ. ಈ ಸಲದ ಬಿಸಿಲಿಗೆ ತೇಗದ ಕಾಡು ಪೂರ್ತಿ ಬೋಳಾಗಿದೆ, ನನ್ನ ಕಾಫಿ ಅಂಗಡಿಯ ಮುಂದೆ ದಿನಕ್ಕೆ ಮೂರು ಸಲ ಎಲೆ ಗುಡಿಸುತ್ತೇನೆ. ಅಪ್ಪನ ಆರೋಗ್ಯ ನೀನು ಕೇಳುವುದಿಲ್ಲ, ಆದರೂ ಬರೆಯುತ್ತೇನೆ: ಎಪ್ಪತ್ತೊಂದು ವರ್ಷಕ್ಕೆ ಹೇಗಿರಬೇಕೋ ಹಾಗಿದ್ದಾರೆ. ಫೋನಿನಲ್ಲಿ ಅವರ ಮಾತು ಬಂದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಧ್ಯದಲ್ಲಿ ಕಟ್ ಮಾಡುವುದು ಸ್ವಲ್ಪ ಕಷ್ಟ.

ಸುದ್ದಿ ಏನೆಂದರೆ, ನಮ್ಮ ಎಣ್ಣೆಬಾವಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಬೆಂಕಿ ಬೀಳಲಿಲ್ಲ, ಪೊಲೀಸರೂ ಬರಲಿಲ್ಲ. ಹೇಗೆ ನಿಂತಿತು ಎಂದು ಮೊದಲಿನಿಂದ ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಅವರು ಅಪ್ಪನನ್ನು ಪೆದ್ದನನ್ನಾಗಿ ಮಾಡಿರುತ್ತಾರೆ, ಇಲ್ಲವೇ ಪವಾಡ ಪುರುಷನನ್ನಾಗಿ. ಎರಡೂ ಅಲ್ಲ.

ನೀನು ಊರು ಬಿಟ್ಟ ದಿನದಿಂದ ಶುರುಮಾಡಬೇಕು. ಮೂರು ವರ್ಷದ ಹಿಂದೆ, ಬಾವಿಯ ಹದಿನಾಲ್ಕು ಪಾಲುದಾರರೂ ಗುಡ್ಡದ ಮೇಲಿನ ನನ್ನ ಅಂಗಡಿಯ ಬೆಂಚುಗಳ ಮೇಲೆ ಕೂತಿದ್ದಾಗ ನೀನು ಎದ್ದು ನಿಂತು, "ಅಪ್ಪಾ, ನಿಮ್ಮ ಕೋಣ ಎತ್ತೋದಕ್ಕಿಂತ ಕುಡಿಯೋದೇ ಜಾಸ್ತಿ" ಎಂದೆ. ಕೋಣ ಎಂದರೆ ಬಾವಿಯ ಎಂಜಿನ್ನು ಎಂದು ಎಲ್ಲರಿಗೂ ಗೊತ್ತು. ಸೇನೆಯ ಹಳೇ ಲಾರಿಯಿಂದ ಅದನ್ನು ಬಿಚ್ಚಿ ತಂದು ಗುಡ್ಡದ ಮೇಲೆ ಕೂರಿಸಿದವರು ಅಪ್ಪನೇ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಹಂಗಾದ್ರೆ ಕುಡೀದೇ ಇರೋ ಯಂತ್ರ ಎಲ್ಲಾದ್ರೂ ಇದ್ರೆ ಹೋಗಿ ಹುಡುಕ್ಕೋ" ಎಂದರು. ನೀನು ಕಡಲಾಚೆಯ ಕಲಿಮಂತಾನಿಗೆ ಹೋಗಿ ಗಣಿಯ ಮನೆಯಷ್ಟು ಎತ್ತರದ ಲಾರಿ ಹತ್ತಿದೆ. ಅದು ಗಂಟೆಗೆ ನೂರು ಲೀಟರಿಗೂ ಹೆಚ್ಚು ಕುಡಿಯುತ್ತದೆ ಎಂದು ನೀನು ನನಗೆ ಹೇಳಿದೆ, ನಾನು ಅಮ್ಮನಿಗೆ ಹೇಳಿದೆ, ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಆ ದಿನ ಎರಡು ತಟ್ಟೆ ಅನ್ನ ಉಂಡರು.

ಆಮೇಲಿನ ಎರಡು ವರ್ಷ ಏನೂ ಆಗಲಿಲ್ಲ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಉದ್ದ ಕೊಳವೆ ನಾನೂರು ಮೀಟರ್ ಕೆಳಗಿಳಿಯುತ್ತಿತ್ತು, ಕೋಣ ಅರಚುತ್ತಾ ಎಳೆಯುತ್ತಿತ್ತು, ಕೊಳವೆಯಲ್ಲಿ ಬಂದದ್ದನ್ನು ಹೊಂಡಕ್ಕೆ ಸುರಿದು ಮೇಲೆ ತೇಲಿದ ಕಚ್ಚಾ ಎಣ್ಣೆ ತೆಗೆಯುತ್ತಿದ್ದರು. ಅದನ್ನು ಡ್ರಮ್ಮಿನಲ್ಲಿ ಕಾಯಿಸಿ ಡೀಸೆಲ್ ಇಳಿಸಿ, ಕೋಣಕ್ಕೆ ಬೇಕಾದದ್ದನ್ನು ಮೊದಲು ಎತ್ತಿಟ್ಟು, ಉಳಿದದ್ದು ಮಾರುವುದು. ದನಕ್ಕೆ ಮೇವು ಹಾಕಿ ಆಮೇಲೆ ನಾವು ಉಣ್ಣುವ ಹಾಗೆ. ಮೇವಿನ ಲೆಕ್ಕ ಯಾರು ಇಡುತ್ತಾರೆ? ವರ್ಷ ವರ್ಷಕ್ಕೂ ನೀರು ಹೆಚ್ಚಾಗುತ್ತಿತ್ತು, ಎಣ್ಣೆ ತೆಳ್ಳಗಾಗುತ್ತಿತ್ತು. ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಈ ವರ್ಷ ಮಳೆ ನಿಂತ ಮೇಲೆ ಪಕ್ಕದ ಗುಡ್ಡದಲ್ಲಿ ಡೀಸೆಲ್ ಕಾಯಿಸುವ ಒಲೆಯೊಂದು ಸಿಡಿಯಿತು. ಇಬ್ಬರ ಕೈ ಸುಟ್ಟಿತು, ಜೀವ ಉಳಿಯಿತು. ಮರುವಾರವೇ ಅಧಿಕಾರಿಗಳು ಬಂದು ಊರಿನ ಒಲೆಗಳಿಗೆಲ್ಲ ಬೀಗಮುದ್ರೆ ಹಾಕಿದರು. ಇನ್ನು ಮುಂದೆ ಕಚ್ಚಾ ಎಣ್ಣೆಯನ್ನು ಹಾಗೇ ಸಹಕಾರ ಸಂಘಕ್ಕೆ ಕೊಡಬೇಕು, ಎಂಜಿನ್ನಿಗೆ ಬೇಕಾದ ಡೀಸೆಲನ್ನು ಬಂಕಿನಿಂದ ತರಬೇಕು ಎಂದರು. ಅಪ್ಪ ಒಬ್ಬ ಅಧಿಕಾರಿಯನ್ನು ಅಡ್ಡಹಾಕಿ, "ನಮ್ಮ ನೆಲದಡಿಯಿಂದ ಹೋದ ಎಣ್ಣೇನ ನಾವೇ ವಾಪಸ್ ಕೊಂಡ್ಕೋಬೇಕಾ? ಅದರ ಮೇಲೆ ತೆರಿಗೆ ಬೇರೆ ಕೊಡ್ಬೇಕಾ?" ಎಂದು ಕೇಳಿದರು. ಆತ ಮರ್ಯಾದಸ್ಥ. ಕುಳಿತು ನನ್ನ ಕಾಫಿ ಕುಡಿದು, "ತೆರಿಗೆ ರೇಟಲ್ಲೇ ಸೇರಿರುತ್ತೆ ಯಜಮಾನ್ರೇ, ನಿಮ್ಮ ಕಣ್ಣಿಗೆ ಕಾಣೋದೇ ಇಲ್ಲ" ಎಂದು ಸಮಾಧಾನ ಹೇಳಿದ. "ಕಾಣದೇ ಇರೋದು ಕಚ್ಚಲ್ವಾ? ಸೊಳ್ಳೆ ಕಾಣುತ್ತಾ?" ಎಂದರು ಅಪ್ಪ. ಆತ ನಕ್ಕ, ಕಾಫಿಯ ಕಾಸು ಕೊಟ್ಟು ಹೋದ.

ಬಂಕಿನಲ್ಲಿ ಆದದ್ದನ್ನು ಜೈಮಾನ್ ಮಾಮ ಹೇಳಿದ್ದು. ಬಾವಿಯಲ್ಲಿ ಅಪ್ಪನ ಹಳೇ ಜೊತೆಗಾರರಲ್ಲವೇ, ಅಪ್ಪನ ಜೊತೆ ಬೈಕಿನಲ್ಲಿ ಹೋಗಿದ್ದರು. ಕಡಿಮೆ ದರದ ಡೀಸೆಲ್ ಬೇಕಾದರೆ ಗಾಡಿಯ ನಂಬರು ನೋಂದಾಯಿಸಿ ಮೊಬೈಲಿನಲ್ಲಿ ಚೌಕಾಕಾರದ ಗುರುತು ತೋರಿಸಬೇಕಂತೆ. ಪೈಪು ಹಿಡಿದ ಹೆಂಗಸು, "ಗಾಡಿ ಎಲ್ಲಿ ಅಜ್ಜಾ?" ಎಂದಳು. "ಗುಡ್ಡದ ಮೇಲಿದೆ." "ಇಲ್ಲಿಗೆ ತನ್ನಿ." "ಅದು ಮೂವತ್ತು ವರ್ಷದಿಂದ ಇದ್ದಲ್ಲೇ ಇದೆ ತಾಯಿ." "ಕೆಟ್ಟೋಗಿದ್ಯಾ?" "ಬಾಯಿಗೆ ಬಂದಂಗೆ ಆಡ್ಬೇಡ. ಚೆನ್ನಾಗೇ ಓಡ್ತಿದೆ." "ಓಡ್ತಿದ್ರೆ ಇದ್ದಲ್ಲೇ ಹೆಂಗಿರತ್ತೆ?" "ಅದಕ್ಕೆ ಚಕ್ರ ಇಲ್ಲ." ಹಿಂದೆ ಸಾಲಿನಲ್ಲಿ ನಿಂತ ಲಾರಿಯವರೆಲ್ಲ ನಗತೊಡಗಿದರಂತೆ. ಚಕ್ರವಿಲ್ಲದ್ದು ಗಾಡಿಯಲ್ಲ, ಗಾಡಿಯಲ್ಲದ್ದಕ್ಕೆ ಸರ್ಕಾರದ ರಿಯಾಯಿತಿಯಿಲ್ಲ ಎಂದು ಹೇಳಿ ಆಕೆ ಪಕ್ಕದ ಪೈಪು ತೋರಿಸಿದಳು. ಅದು ಪೂರ್ತಿ ದರದ್ದು. ಅಪ್ಪ ಎರಡು ಕ್ಯಾನು ತುಂಬಿಸಿಕೊಂಡು ಬಂದರು.

ಮೊದಲ ಸಲ ಕೋಣದ ಮೇವು ಕ್ಯಾನಿನಲ್ಲಿ, ಅಳತೆಯಲ್ಲಿ, ಎಲ್ಲರ ಎದುರಿಗೆ ಬಂದಿತ್ತು. ಅದೇ ತೊಂದರೆಯಾದದ್ದು. ಎರಡು ವಾರದಲ್ಲಿ ಐದು ಮನೆಯವರು ಪಾಲು ಬಿಟ್ಟರು. ಉಳಿದವರು ನನ್ನ ಅಂಗಡಿಗೆ ಬಂದರೆ ಕಾಫಿ ಕುಡಿದ ಮೇಲೂ ಏಳುತ್ತಿರಲಿಲ್ಲ. ಕೊನೆಗೊಂದು ದಿನ ಜೈಮಾನ್ ಮಾಮನೇ ಅಪ್ಪನ ಎದುರು ಬಾಯಿ ಬಿಟ್ಟರು. "ದಾಸಿರಾನ್, ಮೂವತ್ತು ವರ್ಷ ನಿನ್ನ ಜೊತೆ ಹಗ್ಗ ಹಿಡಿದಿದೀನಿ. ಈಗ ಬಿಡೋಣ ಕಣೋ." ಅಪ್ಪ ಅವರನ್ನು ಬೈಯಲಿಲ್ಲ. ಹೊಂಡದ ಕಡೆ ನೋಡಿ, "ಶನಿವಾರ ಬೆಳಗ್ಗೆ ಬನ್ನಿ. ಒಂದು ಕ್ಯಾನು ಕೋಣಕ್ಕೆ ಹಾಕ್ತೀನಿ. ಅದೇ ಅಳತೆಯ ಖಾಲಿ ಕ್ಯಾನು ಹೊಂಡದ ಹತ್ರ ಇಡ್ತೀನಿ. ಅದು ಖಾಲಿಯಾಗೋ ಮೊದಲು ಇದು ತುಂಬಿದ್ರೆ ಇನ್ಮೇಲೆ ಯಾರೂ ಈ ಮಾತು ಎತ್ತಬಾರದು" ಎಂದರು. ತುಂಬದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ.

ಶನಿವಾರ, ಒಂಬತ್ತನೇ ತಾರೀಕು. ಪಾಲು ಬಿಟ್ಟವರೂ ಬಂದಿದ್ದರು, ಅವರ ಹೆಂಗಸರೂ ಬಂದಿದ್ದರು. ನಾನು ಮಾಮೂಲಿನ ಎರಡರಷ್ಟು ಕಾಫಿ ಕಾಯಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ದಿನದಷ್ಟು ವ್ಯಾಪಾರ ನನಗೆ ಹಬ್ಬಕ್ಕೂ ಆಗಿಲ್ಲ. ಅಪ್ಪ ಕೋಣದ ಟ್ಯಾಂಕಿನಲ್ಲಿದ್ದ ಹಳೆಯದನ್ನೆಲ್ಲ ಕೊನೆಯ ಹನಿಯವರೆಗೆ ಇಳಿಸಿ, ತಾವೇ ಕ್ಯಾನು ಎತ್ತಿ ಸುರಿದರು. ಎಂಜಿನ್ ಹಿಡಿಯಿತು. ಮೊದಲ ಕೊಳವೆ ಮೇಲೆ ಬಂದಾಗ ಎಲ್ಲರೂ ಮುಂದೆ ಬಗ್ಗಿದರು. ಕಂದು ನೀರು, ಅದರ ಮೇಲೆ ನವಿಲುಬಣ್ಣದ ತೆಳುವಾದ ಪೊರೆ. ಎರಡನೆಯದೂ ಹಾಗೇ. ನಾಲ್ಕನೆಯದರಲ್ಲಿ ಸ್ವಲ್ಪ ಗಟ್ಟಿ ಎಣ್ಣೆ ಬಂತು, ಯಾರೋ ಚಪ್ಪಾಳೆ ತಟ್ಟಿದರು, ಅಪ್ಪ ತಿರುಗಿ ನೋಡಿದ್ದಕ್ಕೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಂಡದ ಬಳಿಯ ಕ್ಯಾನು ಅರ್ಧ ದಾಟಿತ್ತು. ಟ್ಯಾಂಕಿನಲ್ಲಿ ಎಷ್ಟಿತ್ತೋ ಯಾರಿಗೂ ಕಾಣುತ್ತಿರಲಿಲ್ಲ, ಕೋಣ ಮಾತ್ರ ಎಂದಿನ ಹಾಗೆ ಅರಚುತ್ತಿತ್ತು.

ಬಾಂಗ್ ಕೂಗಿದಾಗ ಅಪ್ಪ ಎಂಜಿನ್ ನಿಲ್ಲಿಸಿ ನಮಾಜಿಗೆ ಹೋದರು. ಹೋಗುವಾಗ ಕಾವಲಿಗೆ ಯಾರನ್ನೂ ಬಿಡಲಿಲ್ಲ. ಬೇರೆಯವರೂ ನಮಾಜಿಗೆ, ನೆರಳಿಗೆ ಎಂದು ಚದುರಿದರು, ಬಾವಿಯ ಹತ್ತಿರ ಉಳಿದದ್ದು ಜೈಮಾನ್ ಮಾಮ, ನಾನು, ಅಮ್ಮ. ಜೈಮಾನ್ ಮಾಮ ತಮ್ಮ ಬೈಕಿನ ಹಿಂದೆ ಕಟ್ಟಿದ್ದ ಒಂದು ಕ್ಯಾನು ಬಿಚ್ಚಿಕೊಂಡು ಬಂದು, ನಮ್ಮ ಮುಖ ನೋಡದೆ, ಅದರಲ್ಲಿದ್ದ ಎಣ್ಣೆಯನ್ನು ಹೊಂಡದ ಬಳಿಯ ಕ್ಯಾನಿಗೆ ಬಗ್ಗಿಸಿದರು. ಅಮ್ಮ, "ಏನ್ ಮಾಡ್ತಿದೀಯ ಜೈಮಾನ್?" ಎಂದಳು. "ಅತ್ತಿಗೆ, ನಿಲ್ಲೋದು ಹೆಂಗಿದ್ರೂ ನಿಲ್ಲತ್ತೆ. ಗೆದ್ದು ನಿಲ್ಲಿಸಲಿ" ಎಂದರು. ನಾಲ್ಕು ದಿನದ ಹಿಂದೆ ಬಿಡೋಣ ಎಂದವರು ಅವರೇ. ನಿನಗೆ ಸುಳ್ಳು ಹೇಳುವುದಿಲ್ಲ, ಅವರು ಇನ್ನೂ ಸ್ವಲ್ಪ ಸುರಿಯಲಿ ಎಂದುಕೊಂಡೆ.

ಅಪ್ಪ ಬಂದರು. ಕ್ಯಾನಿನ ಬಾಯಿಗೆ ಬಗ್ಗಿ ನೋಡಿ, ಬೆರಳು ಅದ್ದಿ ಮೂಗಿನ ಹತ್ತಿರ ತಂದರು. "ಇದು ಹೋದ ವರ್ಷದ್ದು. ಬಿಸಿಲು ತಿಂದಿರೋ ವಾಸನೆ" ಎಂದರು. ಯಾರು ಎಂದು ಕೇಳಲಿಲ್ಲ. ಹೊಸ ಎಣ್ಣೆ ಎಲ್ಲಿಯವರೆಗೆ ಏರಿತ್ತು ಎಂದು ನಮಾಜಿಗೆ ಹೋಗುವ ಮೊದಲೇ ಕ್ಯಾನಿನ ಮೇಲೆ ಉಗುರಿನಿಂದ ಗೀರಿದ್ದರು. ಆ ಗೀರಿನವರೆಗೆ ಉಳಿಸಿ, ಮೇಲಿನದನ್ನು ಜೈಮಾನ್ ಮಾಮನ ಕ್ಯಾನಿಗೇ ಸುರಿದು, ಅವರ ಕೈಗೆ ಕೊಟ್ಟು, "ಹಗ್ಗ ಹಿಡಿ" ಎಂದರು. ಮಾಮ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಪ್ಪನದು ಆಗಿರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿಗೆ ಇನ್ನೂ ಸಮಯವಿತ್ತು. ಕೊಳವೆ ಅರ್ಧ ದಾರಿಯಲ್ಲಿದ್ದಾಗ ಕೋಣ ಎರಡು ಸಲ ಕೆಮ್ಮಿ ನಿಂತಿತು. ಹೊಂಡದ ಬಳಿಯ ಕ್ಯಾನು ತುಂಬಲು ಒಂದು ಗೇಣು ಬಾಕಿಯಿತ್ತು. ನಿನಗೆ ನೆನಪಿದೆಯೋ ಇಲ್ಲವೋ, ಆ ಗುಡ್ಡದ ಮೇಲೆ ಹಗಲಲ್ಲಿ ಯಾವತ್ತೂ ಸದ್ದಿಲ್ಲದೆ ಇದ್ದದ್ದೇ ಇಲ್ಲ. ಅಮ್ಮ ಬುಟ್ಟಿಯಿಂದ ಜೋಳದನ್ನ, ಸೋಯಾ ಕಾಳಿನ ತೆಂಪೆ ತೆಗೆದು ಎಲೆಗೆ ಹಾಕತೊಡಗಿದಳು. ಬೇರೇನು ಮಾಡುತ್ತಾಳೆ? ಅಪ್ಪ ಎಲ್ಲರಿಗೂ ಕೇಳುವ ಹಾಗೆ ನಿನ್ನ ಹೆಸರು ಹೇಳಿದರು. ಮೂರು ವರ್ಷದಲ್ಲಿ ಅದು ಮೊದಲು. "ಪರ್ಲಾನ್ ಹೇಳಿದ ದಿನ ಅದು ಸುಳ್ಳಾಗಿತ್ತು. ಆಮೇಲೆ ಯಾವತ್ತೋ ಒಂದಿನ ನಿಜ ಆಗಿದೆ. ಯಾವತ್ತು ಅಂತ ನನಗೆ ಗೊತ್ತಾಗಲಿಲ್ಲ." ಅಷ್ಟು ಹೇಳಿ ಊಟಕ್ಕೆ ಕೂತರು. ಯಾರೂ ನಗಲಿಲ್ಲ. ಬಂಕಿನ ಕಥೆ ಹೇಳಿ ಹೇಳಿ ನಗಿಸಿದ್ದ ಜೈಮಾನ್ ಮಾಮನೂ ನಗಲಿಲ್ಲ.

ಆಮೇಲಿನದು ಹೇಳುವಂಥದ್ದೇನಲ್ಲ. ಅರ್ಧದಲ್ಲಿ ನಿಂತ ಕೊಳವೆಯನ್ನು ಮಾರನೆಯ ದಿನ ಕೈಯಿಂದಲೇ ಎಳೆದರು, ಹನ್ನೆರಡು ಜನ ಬೇಕಾಯಿತು. ಹಗ್ಗ ಹಾಯುತ್ತಿದ್ದ ಮೂರುಕಾಲಿನ ಕಂಬ ಬಿಚ್ಚಿದರು. ಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿದರು. ಇಬ್ಬರು ಅರಣ್ಯ ಇಲಾಖೆಯ ನರ್ಸರಿಗೆ ಹೋಗುತ್ತಿದ್ದಾರೆ, ಕೆಲವರು ಇನ್ನೂ ಸ್ವಲ್ಪ ಎಣ್ಣೆ ಬರುವ ಆಚೆ ಗುಡ್ಡದ ಬಾವಿಗಳಲ್ಲಿ ಪಾಲು ಕೇಳುತ್ತಿದ್ದಾರೆ. ಆ ಬಾವಿಗಳೂ ಎಷ್ಟು ದಿನವೋ. ನನ್ನ ಅಂಗಡಿಯನ್ನು ಕೆಳಗಿನ ರಸ್ತೆಗೆ ಇಳಿಸಬೇಕು. ಬಾವಿಯಿಲ್ಲದ ಗುಡ್ಡಕ್ಕೆ ಕಾಫಿ ಕುಡಿಯಲು ಯಾರು ಹತ್ತುತ್ತಾರೆ? ಅಪ್ಪ ಕೋಣವನ್ನು ತೊಳೆದು, ಒರೆಸಿ, ಟಾರ್ಪಾಲು ಹೊದಿಸಿದರು. ಗುಜರಿಯವನು ಬಂದಿದ್ದ, ಅವನಿಗೂ ಕಾಫಿ ಕೊಡಿಸಿ ಕಳಿಸಿದರು. ಈಗ ಬೆಳಗ್ಗೆ ಎದ್ದು ಬಾವಿಯವರೆಗೆ ಹೋಗಿ ಬರುತ್ತಾರೆ, ಹಗಲೆಲ್ಲ ನನ್ನ ಬೆಂಚಿನ ಮೇಲೆ ಕೂರುತ್ತಾರೆ. ನಿನ್ನ ಬಗ್ಗೆ ಕೇಳುತ್ತಾರೆ, ಆದರೆ ನಿನ್ನನ್ನು ಕೇಳಿದ ಹಾಗಲ್ಲ. ಆ ಗಣಿ ಎಷ್ಟು ಆಳ? ಲಾರಿ ಮೇಲೆ ಹತ್ತಲು ಎಷ್ಟು ಹೊತ್ತು? ಅಲ್ಲಿ ಕಲ್ಲಿದ್ದಲು ಇನ್ನೂ ಎಷ್ಟು ವರ್ಷ ಸಿಗುತ್ತದಂತೆ? ನನಗೆ ಗೊತ್ತಿಲ್ಲ ಎನ್ನುತ್ತೇನೆ. ಗೊತ್ತಿಲ್ಲದ್ದೂ ನಿಜವೇ.

ನೀನು ಗೆದ್ದೆ ಎಂದು ಹೇಳಲು ಇದನ್ನೆಲ್ಲ ಬರೆಯಲಿಲ್ಲ. ನಡೆದದ್ದು ನಡೆದ ಹಾಗೆ ನಿನಗೆ ತಿಳಿದಿರಲಿ ಎಂದಷ್ಟೇ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿ, ಸಕ್ಕರೆ ಕಡಿಮೆ ಹಾಕು. ಅಮ್ಮ ದಿನಾ ಐದು ಹೊತ್ತೂ ನಿನಗಾಗಿ ದುವಾ ಮಾಡುತ್ತಾಳೆ, ಜೈಮಾನ್ ಮಾಮ ನಿನಗೆ ಸಲಾಂ ಹೇಳಿದ್ದಾರೆ. ಅಲ್ಲಾಹನು ಆ ದೊಡ್ಡ ಗುಂಡಿಯ ಅಂಚಿನಲ್ಲಿ ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ರುಮಿಯಾತಿ

ಮರೆತಿದ್ದೆ ಎಂದುಕೊಳ್ಳಬೇಡ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ನೋಡಿದೆ: ಅಪ್ಪ ಶುಕ್ರವಾರ ಸುರಬಾಯದಲ್ಲಿ ಹಡಗು ಹತ್ತುತ್ತಾರೆ. ಭಾನುವಾರ ಬೆಳಗ್ಗೆ ನಿಮ್ಮ ಕಡೆಯ ಬಾಲಿಕ್‌ಪಾಪನ್ ತಲುಪುತ್ತದೆ. ನಿನಗೆ ತಿಳಿಸಬೇಡ ಎಂದಿದ್ದಾರೆ. ಫೋನ್ ಮಾಡಿದರೆ ನೀನು ಬೇಡ ಅನ್ನುತ್ತೀಯ, ಅದಕ್ಕೇ ಇದನ್ನು ನಾಳೆ ಬೆಳಗ್ಗೆಯೇ ಕೊರಿಯರಿಗೆ ಹಾಕುತ್ತೇನೆ, ಶನಿವಾರ ನಿನ್ನ ಕೈಗೆ ಸಿಗಬೇಕು. ಅವರು ಸಮುದ್ರವನ್ನೇ ನೋಡಿದವರಲ್ಲ, ಬಂದರಿನ ಬಾಗಿಲಲ್ಲೇ ನಿಂತಿರು. ಆ ದಿನ ನೀನು ಅಳೆದು ನೋಡಿ ಹೇಳಿದ್ದಾ, ಇಲ್ಲಾ ಸಿಟ್ಟಿನಲ್ಲಿ ಹೇಳಿದ್ದಾ ಎಂದು ಕೇಳಬೇಕಂತೆ ಅವರಿಗೆ. ಅಮ್ಮನ ಹತ್ತಿರ ಹೇಳಿಕೊಂಡಿದ್ದಾರೆ. ಸಿಟ್ಟಿನಲ್ಲಿ ಹೇಳಿದ್ದರೆ ಹಾಗೆಂದೇ ಒಪ್ಪಿಕೊ. ಅಳೆದಿದ್ದರೆ ಅದನ್ನೂ ಹೇಳು, ಆದರೆ ಮೊದಲು ಅವರಿಗೆ ಊಟ ಹಾಕಿಸು.