ಶೇರಿಗಾರರ ಕತ್ತಿನ ನರ

ಪುತ್ತೂರು, 1964

ಡೊಂಬಯ್ಯಣ್ಣ,

ನೀವು ತೀರಿಕೊಂಡು ಮೂರು ತಿಂಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಇಂದು ಬೆಳಿಗ್ಗೆ ನಾಗಸ್ವರದ ಬಾಬು ಶೇರಿಗಾರರ ಹೆಂಡತಿ ನಿಮ್ಮ ಸ್ಟುಡಿಯೋಗೆ ಬಂದಿದ್ದರು. ಗಂಡ ಕಳೆದ ವಾರ ತೀರಿಕೊಂಡರಂತೆ. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು.

ಇದ್ದದ್ದು ಒಂದೇ ನೆಗೆಟಿವ್. ಸುಳ್ಯದ ಮದುವೆಯಲ್ಲಿ ಅವರು ಊದುತ್ತಿರುವಾಗಲೇ ನಾನು ತೆಗೆದದ್ದು. ಅದಕ್ಕೆ ನೀವು ಗಿರಾಕಿಗಳೆದುರೇ ಬೈದಿರಿ. "ಊದುದು ನಿಲ್ಲಿಸಿ ಸರಿಯಾಗಿ ಕೂರಿಸ್ಲಿಕ್ಕೆ ಎಂತ ಧಾಡಿ ನಿಂಗೆ? ಈ ಉಬ್ಬಿದ ಕೆನ್ನೆ ಯಾರು ನೋಡುದು ಮಾರಾಯ? ಸಂಗೀತದವರ ಹಿಂದೆ ಹೋದ್ರೆ ಉಪವಾಸವೇ!" ಆಮೇಲೆ ನನ್ನನ್ನು ಕೇಳದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಕತ್ತಿನ ನರವನ್ನೂ ಬೆವರನ್ನೂ ಮುಚ್ಚಿಬಿಟ್ಟಿರಿ.

ಆ ನೆಗೆಟಿವಿನಿಂದ ತೆಗೆದ ಪ್ರಿಂಟ್ ನೋಡಿ ಆಕೆ ತಲೆಯಲ್ಲಾಡಿಸಿದರು. "ಇದು ನಮ್ಮವರಲ್ಲ. ಅವರು ಊದುವಾಗ ಇಲ್ಲಿ ಒಂದು ನರ ಏಳ್ತಿತ್ತು. ಅದೆಲ್ಲಿ?"

ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ನಿಮ್ಮ ಪೆನ್ಸಿಲಿನ ಗೆರೆಗಳನ್ನೆಲ್ಲ ಒರೆಸಿದೆ. ನಿಮ್ಮನ್ನು ಬೈಯುತ್ತಲೇ ಒರೆಸಿದೆ. ಮಧ್ಯಾಹ್ನ ಹೊಸ ಪ್ರಿಂಟ್ ಕೊಟ್ಟಾಗ ಆಕೆ ಆ ನರದ ಮೇಲೆ ಬೆರಳಿಟ್ಟು ಅತ್ತರು. ಜೊತೆಗಿದ್ದ ಮೈದುನ, "ಮುಂದಿನ ತಿಂಗಳು ಸುಬ್ರಹ್ಮಣ್ಯದಲ್ಲಿ ನಮ್ಮ ನಾಗಸ್ವರ ಕಚೇರಿ ಉಂಟು. ನೀವೇ ಬನ್ನಿ, ಊದುವಾಗಲೇ ತೆಗೀರಿ" ಎಂದರು.

ಕೇಳಿದಿರಾ? ಊದುವಾಗಲೇ!

ಒರೆಸಿದ ಹತ್ತಿ ಇನ್ನೂ ಮೇಜಿನ ಮೇಲಿದೆ. ಎರಡು ಸಲ ಬಿಸಾಡಲು ಎದ್ದೆ. ಅದರಲ್ಲಿರುವ ಕಪ್ಪು ನಿಮ್ಮ ಕೈಯದು. ಮತ್ತೆ ಅಲ್ಲೇ ಇಟ್ಟೆ.

ರವೂಫ್