ಹಳೇ ಸೇತುವೆಯ ಮೇಲೆ ನೀವೇ ಒಮ್ಮೆ ನಡೆದು ಬನ್ನಿ

ರಸ್ತೆ ಮತ್ತು ಸೇತುವೆಗಳ ಮುಖ್ಯ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಊರಿಗೆ ಎರಡು ಸೇತುವೆಗಳಿವೆ, ಹಳೆಯದನ್ನು ಬದಲಿ ಮಾರ್ಗವಾಗಿ ಬಳಸಿ ಎಂದು ನೀವು ಬರೆದ ಉತ್ತರ ಕೈಸೇರಿತು. ಇರುವುದು ಒಂದೇ. ಅದಕ್ಕೂ ರಿಪೇರಿಯೆಂದು ಎರಡೂ ತುದಿಗೆ ಗೇಟು ಹಾಕಿ, ಬೀಗ ಜಡಿದು, ಇಂದಿಗೆ ಹದಿನೆಂಟು ದಿನ. ನನ್ನ ಗಂಡನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ ಹೊಳೆಯ ಆಚೆ ದಡದಲ್ಲಿದೆ, ನಾವು ಈಚೆ ದಡದಲ್ಲಿದ್ದೇವೆ. ದೂರು ಇಷ್ಟೇ. ಮುಂದಿನದೆಲ್ಲ ನಿಮಗೆ ನಮ್ಮ ಊರಿನ ಚರಿತ್ರೆ, ಭೂಗೋಳ ತಿಳಿಯಲಿ ಎಂದು.

ನಾನು ಹೆಚ್ಚು ಓದಿದವಳಲ್ಲ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿ, ಅದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಸ ಗುಡಿಸಿ ಗಂಟೆ ಹೊಡೆಯುತ್ತಿದ್ದೇನೆ. ಆದರೆ ಊರಿನ ಪಾಠ ಬಾಯಿಪಾಠವಿದೆ. ಮೂರು ಕಡೆ ಹೊಳೆ, ಬೆನ್ನಿಗೆ ಗುಡ್ಡ. ಕಳ್ಳಕಾಕರು ಸುಲಭವಾಗಿ ಬರಬಾರದೆಂದು ಹಿರಿಯರು ಹುಡುಕಿ ಹುಡುಕಿ ಈ ಜಾಗ ಆರಿಸಿದರಂತೆ. ಯಾರೂ ಒಳಗೆ ಬರದ ಹಾಗೆ ಮಾಡಿದರು ಸರಿ, ಒಳಗಿದ್ದವರು ಹೊರಗೆ ಹೋಗುವುದು ಹೇಗೆಂದು ಯೋಚಿಸಲಿಲ್ಲ. ಆಮೇಲೆ ಕಲ್ಲಿನ ಸೇತುವೆ ಬಂತು. ಅದನ್ನು ಕಟ್ಟಿದ ಗಾರೆಯವರಲ್ಲಿ ನನ್ನ ಅಪ್ಪನೂ ಒಬ್ಬ. ನನಗೆ ಹನ್ನೊಂದು ವರ್ಷವಾಗಿದ್ದಾಗ ದೊಡ್ಡ ನೆರೆ ಬಂತು. ಕಂಬದಲ್ಲಿ ಬಿರುಕು ಬಿಟ್ಟಿದೆಯಂತೆ, ನೋಡಿ ಬರುತ್ತೇನೆ ಎಂದು ಹೋದ ಅಪ್ಪ ಸೇತುವೆಯ ಜೊತೆಗೇ ಹೋದ. ನೀವು ಬೀಗ ಜಡಿದಿರುವುದು ಆಮೇಲೆ ಕಟ್ಟಿದ ಸೇತುವೆಗೆ; ಅಪ್ಪನದರಲ್ಲಿ ಉಳಿದದ್ದು ಮೂರು ಕಂಬ. ಈಗ ಅವುಗಳ ಮೇಲೆ ಕೊಕ್ಕರೆಗಳು ಸಂಚರಿಸುತ್ತವೆ. ನಿಮ್ಮ ಬದಲಿ ಮಾರ್ಗದ ಪ್ರಯಾಣಿಕರು ಸದ್ಯಕ್ಕೆ ಅವರೇ.

ಒಂದೇ ಸೇತುವೆಯಿರುವ ಊರಿನಲ್ಲಿ ಅದನ್ನು ಮುಚ್ಚುವ ಮೊದಲು ನಡೆಯಲು ತಾತ್ಕಾಲಿಕ ದಾರಿ ಮಾಡಿಕೊಡಬೇಕು ಎಂಬುದು ನಿಮ್ಮದೇ ನಿಯಮ. ಎರಡಿದ್ದರೆ ಬೇಕಿಲ್ಲ. ಆದ್ದರಿಂದ ನಮಗೆ ಎರಡು. ಈ ಹದಿನೆಂಟು ದಿನಗಳಲ್ಲಿ ಐದು ಸಲ ಆಸ್ಪತ್ರೆಗೆ ಹೋಗಬೇಕಿತ್ತು. ಮೂರು ಸಲ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು, ಗುಡ್ಡ ಸುತ್ತಿ, ನಾಲ್ಕು ಗಂಟೆ ಕುಲುಕಾಡಿಕೊಂಡು ಹೋದೆವು. ಎರಡು ಸಲ ಆ ದಾರಿಯೂ ಕುಸಿದು ಅರ್ಧದಿಂದ ಹಿಂತಿರುಗಿದೆವು. ಯಜಮಾನರ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿಲ್ಲ. ನಮ್ಮ ಮನೆಯ ಕಿಟಕಿ ತೆರೆದರೆ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತದೆ. ಈಗ ಆ ಕಿಟಕಿ ಮುಚ್ಚಿಯೇ ಇರುತ್ತದೆ. ತೆರೆದಿಟ್ಟು ಮಾಡುವುದೇನು?

ಮೂರನೆಯ ಸಲ ಹೋದಾಗ ಅವರನ್ನು ಯಂತ್ರಕ್ಕೆ ಒಪ್ಪಿಸಿ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನಕ್ಷೇಲಿ ಇದೆಯಲ್ಲಮ್ಮ."

"ಹೊಳೇಲಿ ಇಲ್ಲ ಸ್ವಾಮಿ."

"ಹಂಗಾದ್ರೆ ಇಲ್ಲ ಅನ್ನೋದಕ್ಕೆ ಒಂದು ದಾಖಲೆ ತನ್ನಿ."

ಇಲ್ಲದ್ದಕ್ಕೆ ದಾಖಲೆ ಯಾರು ಕೊಡುತ್ತಾರೆ ಮಾನ್ಯರೇ? ಕೊಕ್ಕರೆಗಳ ಸಹಿ ನಡೆಯುತ್ತದೆಯೇ? ಇರುವುದಕ್ಕೆ ನಿಮ್ಮ ದಾಖಲೆ ಯಾವುದು ಎಂದು ಕೇಳಿದೆ. ಅವರು ಪಾಪ, ಕಡತ ತೆಗೆದು ಒಂದು ಫೋಟೋ ತೋರಿಸಿದರು.

ಅದು ನಮ್ಮ ಶಾಲೆಯ ಗೋಡೆ. ಗೋಡೆಯ ಮೇಲೆ ಹಿಂದಿನ ಹೆಡ್‌ಮಾಸ್ತರು ಬರೆದ ಊರಿನ ನಕ್ಷೆಯಿದೆ. ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಅದಕ್ಕೆ ಹೊಸದಾಗಿ ಬಣ್ಣ ಹಚ್ಚುವವಳು ನಾನು. ಮೊದಲ ವರ್ಷವೇ ಮಾಸ್ತರು ಹೇಳಿದ್ದರು: "ಬಿದ್ದುಹೋದ ಸೇತುವೇನ ಚುಕ್ಕೆ ಚುಕ್ಕೆ ಮಾಡಮ್ಮ, ಗೆರೆ ಎಳೀಬೇಡ." ನಾನು ಹೂಂ ಎಂದೆ. ಒಂದು ಚುಕ್ಕೆ ಇಟ್ಟೆ, ಎರಡು ಇಟ್ಟೆ. ಮೂರನೆಯದಕ್ಕೆ ಕೈ ಕೇಳಲಿಲ್ಲ. ಅಪ್ಪ ಒಂದೊಂದೇ ಕಲ್ಲಿಟ್ಟು ಕಟ್ಟಿದ್ದನ್ನು ನಾನು ಹೇಗೆ ತುಂಡು ಮಾಡಲಿ? ಗೆರೆಯನ್ನೇ ಎಳೆದೆ. ಮಾಸ್ತರು ನೋಡಿದರು, ಹಾಗೇ ಇರಲು ಬಿಟ್ಟರು. ಅಲ್ಲಿಂದ ಈಚೆಗೆ ಪ್ರತಿ ವರ್ಷವೂ ಗೆರೆಯೇ.

ನಿಮ್ಮ ಸರ್ವೆಯವರು ಆ ಗೋಡೆಯ ನೆರಳಿನಲ್ಲಿ ಕೂತು, ಫೋಟೋ ಹೊಡೆದು, ನಾನು ಕೊಟ್ಟ ನೀರು ಕುಡಿದು ಹೋಗಿದ್ದರು. ಹೊಳೆ ಅಲ್ಲಿಂದ ಇನ್ನೂರು ಹೆಜ್ಜೆ.

ಮನೆಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿ ಅತ್ತೆ. ಅವರು ನಕ್ಕರು. "ನಿಮ್ಮಪ್ಪನ ಕೆಲ್ಸ ಅಂದ್ರೆ ಅದು ಕಣೇ. ಬಿದ್ದು ಮೂವತ್ತೊಂಬತ್ತು ವರ್ಷ ಆಯ್ತು, ಇನ್ನೂ ಅದರ ಮೇಲೆ ಜನರನ್ನ ಓಡಾಡಿಸ್ತಿದ್ದಾರೆ." ನಗುವಾಗಲೇ ಉಸಿರು ಸಿಕ್ಕಿಕೊಂಡಿತು. ಬೆನ್ನು ನೀವಿ ಕೂರಿಸಿದೆ.

ನನ್ನ ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡಿದ್ದೇನೆ. ಅವನು ಮೂರು ಪ್ರತಿ ಕೇಳಲಿಲ್ಲ. ಈಗ ಈ ಬಹಿರಂಗ ಪತ್ರದಲ್ಲಿ ನಿಮ್ಮ ಮುಂದೆ, ಊರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಗಾರೆಯವನ ಮಗಳು ಅಪ್ಪನ ಮೇಲಿನ ಪ್ರೀತಿಗೆ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಇನ್ನೂರು ಹೆಜ್ಜೆ ನಡೆಯದೆ ಅದನ್ನು ಸರ್ಕಾರದ ಸೇತುವೆ ಮಾಡಿದವರು ಯಾರು?

ನಾನು ಕೇಳುವುದು ದೊಡ್ಡದಲ್ಲ. ಗೇಟಿನ ಒಳಗೆ ಕೆಲಸ ಇನ್ನೂ ಶುರುವಾಗಿಲ್ಲ. ಆಗುವವರೆಗೆ ನಡೆದು ಹೋಗುವವರಿಗೆ ಬೀಗ ತೆಗೆಸಿ. ಶುರುವಾದ ಮೇಲೆ ನಿಮ್ಮ ನಿಯಮದಂತೆ ದಾರಿ ಮಾಡಿಕೊಡಿ. ಇವತ್ತು ಸೋಮವಾರ, ನಮ್ಮ ಸರದಿ ಗುರುವಾರ. ನಂಬಿಕೆಯಿಲ್ಲದಿದ್ದರೆ ನೀವೇ ಬಂದು ಹಳೇ ಸೇತುವೆಯ ಮೇಲೆ ನಡೆಯಿರಿ. ಮೊದಲ ಕಂಬದವರೆಗೆ ಕೊಡೆ ಹಿಡಿಯಲು ನಾನು ಬರುತ್ತೇನೆ.

ನೀವು ಕೇಳಿದ ದಾಖಲೆಯೂ ಇದರ ಜೊತೆಗಿದೆ. ಇಂದು ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಸುಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ನಿಂತೆ. ಅಪ್ಪನಿಗೆ ಕೈಮುಗಿದು ಅಳಿಸಿದೆ. ಚುಕ್ಕೆಯನ್ನೂ ಉಳಿಸಲಿಲ್ಲ. ಅದರ ಫೋಟೋ ಲಗತ್ತಿಸಿದ್ದೇನೆ. ನನ್ನ ಗೋಡೆಯ ಮೇಲಿನ ಸೇತುವೆ ಹೋಯಿತು. ನಿಮ್ಮ ಕಡತದಲ್ಲಿರುವುದನ್ನು ನೀವು ತೆಗೆಯಿರಿ.

ಇಂತಿ,
ಅಪ್ಪನ ಸೇತುವೆಯನ್ನು ಇಪ್ಪತ್ತೆರಡು ವರ್ಷ ಬೀಳಗೊಡದೆ ನಿಲ್ಲಿಸಿದ್ದ,
ಗುರುವಾರಕ್ಕೆ ಕಾಯುತ್ತಿರುವ ಶಾಲೆಯ ಆಯಾ